ಚಕ್ರವರ್ತಿ, ದೇವತೆ ಮತ್ತು ಮಣ್ಣಿನ ಪದರ

ಯಾದಗಿರಿ, ಶಹಾಪುರ, ಸುರಪುರಗಳ ಎರೆಹೊಲವೊಂದರಲ್ಲಿ ನೇಗಿಲಿನ ಮೊನೆಗೆ ಹಸುರು ಕಿಲುಬು ಹಿಡಿದ ಕಂಚಿನ ಬಿಲ್ಲೆಯೊಂದು ತಗುಲಿತೆಂದು ಭಾವಿಸೋಣ. ಸಮೀಪದ ಸನ್ನತಿಯಲ್ಲಿ ಸಾತವಾಹನರ ಕಾಲದ ನಾಣ್ಯಗಳು ದೊರೆತಿರುವುದರಿಂದ, ಹಳೆಯ ನಾಣ್ಯ ಸಿಗುವುದು ಈ ಸೀಮೆಯಲ್ಲಿ ಅಸಂಭವವಲ್ಲ. ಬಿಲ್ಲೆಯ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಇನ್ನೊಂದರಲ್ಲಿ ದೇವತೆಯ ಆಕೃತಿ ಇದ್ದು, ಸುತ್ತಲೂ ಲ್ಯಾಟಿನ್ ಅಕ್ಷರಗಳಿದ್ದರೆ ಅದು ರೋಮಿನ ನಾಣ್ಯ. ಅದನ್ನು ಓದುವ ಬಗೆ ಹೇಗೆ?

ಚಕ್ರವರ್ತಿಯ ತಲೆಯ ಸುತ್ತಲಿನ ಬರಹವು ಅವನ ಹೆಸರನ್ನೂ ಬಿರುದುಗಳನ್ನೂ ತಿಳಿಸುತ್ತದೆ. ದೇವತೆಯನ್ನಾದರೋ, ವೀಣೆಯಿಂದ ನಾವು ಸರಸ್ವತಿಯನ್ನು ಗುರುತಿಸುವಂತೆ, ಕೈಯಲ್ಲಿರುವ ವಸ್ತುವಿನಿಂದ ಗುರುತಿಸಬೇಕು. ಚುಕ್ಕಾಣಿ ಹಿಡಿದವಳು ಭಾಗ್ಯದೇವತೆ ಫಾರ್ಚುನಾ. ರೆಕ್ಕೆಯಿದ್ದು ಮಾಲೆ ಹಿಡಿದವಳು ವಿಜಯದೇವತೆ ವಿಕ್ಟೋರಿಯಾ. ಆಲಿವ್ ಕೊಂಬೆ ಹಿಡಿದವಳು ಶಾಂತಿದೇವತೆ ಪಾಕ್ಸ್. ತನ್ನ ಆಳ್ವಿಕೆ ಈ ದೇವತೆಯ ಕೃಪೆಗೆ ಪಾತ್ರವಾಗಿದೆಯೆಂದು ಚಕ್ರವರ್ತಿಯು ಪ್ರಜೆಗಳಿಗೆ ಸಾರುತ್ತಿದ್ದನು.

ಆಗಸ್ಟಸನ ಕಾಲದ ಪದ್ಧತಿಯಲ್ಲಿ ಒಂದು ಚಿನ್ನದ ಆರಿಯಸ್‌ಗೆ 25 ಬೆಳ್ಳಿಯ ದಿನಾರಿಯಸ್‌ಗಳು. ಒಂದು ದಿನಾರಿಯಸ್‌ಗೆ 4 ಹಿತ್ತಾಳೆಯ ಸೆಸ್ಟರ್ಷಿಯಸ್‌ಗಳು ಅಥವಾ 16 ತಾಮ್ರದ ಆಸ್‌ಗಳು. ಚಿನ್ನ ಬೆಳ್ಳಿಗಳಿಗೆ ತೂಕದಿಂದಲೇ ಬೆಲೆ. ಅವು ಯಾವ ದೇಶದಲ್ಲಾದರೂ ಸಲ್ಲುತ್ತವೆ. ಕೀಳು ಲೋಹದ ನಾಣ್ಯಕ್ಕೆ ಮುಖ್ಯವಾಗಿ ರಾಜಮುದ್ರೆಯಿಂದಲೇ ಬೆಲೆ. ಗಡಿ ದಾಟಿದರೆ ಅದು ಬಹುಮಟ್ಟಿಗೆ ಬರಿಯ ಲೋಹ. ಆದುದರಿಂದಲೇ ಕ್ರಿ.ಶ. ಮೊದಲನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದ ರೋಮನ್ ನಾಣ್ಯಗಳಲ್ಲಿ ಚಿನ್ನ ಬೆಳ್ಳಿಯವೇ ಹೆಚ್ಚು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ನಿಧಿಯು ಬೆಳ್ಳಿಯದು. ತಮಿಳುನಾಡು ಮತ್ತು ಶ್ರೀಲಂಕೆಗಳಲ್ಲಿ ರಾಶಿರಾಶಿಯಾಗಿ ದೊರೆತ ಸಣ್ಣ ತಾಮ್ರ, ಕಂಚಿನ ನಾಣ್ಯಗಳು ಬಹುತೇಕ 4–5ನೆಯ ಶತಮಾನಗಳವು.

ಆದರೆ ನಾಣ್ಯವು ಹೇಳುವ ಎರಡನೆಯ ಮಾತೊಂದಿದೆ. ಅದು ಲೋಹದ ಮೇಲಿಲ್ಲ, ಮಣ್ಣಿನಲ್ಲಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ವ್ಹೀಲರರು 1947ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಾತವಾಹನ ಕಾಲದ ಅವಶೇಷಗಳೊಂದಿಗೆ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ದೊರೆತಿದೆ. ತಿಬೇರಿಯಸನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ನಾಣ್ಯವು ಅಚ್ಚಾಗುವ ಮುನ್ನ ಅದು ಹೂತಿರುವ ಪದರ ಉಂಟಾಗಿರಲಾರದು. ಹೀಗೆ ಒಂದು ಪುಟ್ಟ ನಾಣ್ಯವು ಜೊತೆಯಲ್ಲಿದ್ದ ಮಡಕೆ, ಮಣಿ, ದೇಶೀಯ ನಾಣ್ಯಗಳ ಕಾಲವನ್ನು ನಿರ್ಣಯಿಸಲು ನೆರವಾಯಿತು. ಅದೇ ನಾಣ್ಯ ಅಂಗಡಿಯಲ್ಲಿ ಸಿಕ್ಕಿದ್ದರೆ ತಿಬೇರಿಯಸನ ಸಂಗತಿ ತಿಳಿಯುತ್ತಿತ್ತು. ಚಂದ್ರವಳ್ಳಿಯ ಸಂಗತಿ ತಿಳಿಯುತ್ತಿರಲಿಲ್ಲ.

ಆದುದರಿಂದ ವಿದ್ಯಾರ್ಥಿಗಳಿಗೆ ಇಂತಹ ಬಿಲ್ಲೆ ದೊರೆತರೆ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಬಾರದು. ಕಿಲುಬಿನೊಡನೆ ಅಕ್ಷರಗಳೂ ಅಳಿದಾವು. ಸುತ್ತಲೂ ಅಗೆಯಬಾರದು. ಸಿಕ್ಕಿದ ಸ್ಥಳ, ಆಳ, ಜೊತೆಯಲ್ಲಿದ್ದ ವಸ್ತುಗಳನ್ನು ಬರೆದಿಟ್ಟು, ಉಪಾಧ್ಯಾಯರ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಚಕ್ರವರ್ತಿಯ ಮುಖವನ್ನು ಎಷ್ಟು ಕಾಲದ ಮೇಲಾದರೂ ಓದಬಹುದು. ಕೆದಕಿದ ಮಣ್ಣನ್ನು ಮತ್ತೆ ಓದಲಾಗದು.