ಒರೆಸುವ ಕೆಲಸ ಎನ್ನಬೇಡ, ತಂಗೀ

ತಂಗೀ, ಬೆಂಗಳೂರಿನಲ್ಲಿ ಉಪಗ್ರಹ ಜೋಡಿಸುವ, ಧೂಳು ಒಳಬಿಡದ ಕ್ಲೀನ್‌ರೂಮಿನ ಕೆಲಸಕ್ಕೆ ಹೊರಟಿದ್ದೀ. ‘ಡಿಪ್ಲೊಮಾ ಓದಿದ್ದು ಒರೆಸುವುದಕ್ಕಾ?’ ಅಂತ ಬೇಸರಪಟ್ಟೆಯಂತೆ. ಒಂದು ಮಾತು ಕೇಳವ್ವ.

ಬಾಹ್ಯಾಕಾಶದಲ್ಲಿ ಧೂಳಿಲ್ಲ, ಮಳೆಯಿಲ್ಲ, ಅಲ್ಲಿ ಯಾವ ವಸ್ತು ಕೆಟ್ಟೀತು ಅಂತ ನಮ್ಮ ಊರು ಮೈಂದರ್ಗಿಯಲ್ಲಿ ಕೇಳುವವರಿದ್ದಾರೆ. ಕೆಡುತ್ತದೆ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ನೇರಳಾತೀತ ಕಿರಣ ಆಮ್ಲಜನಕವನ್ನು ಬಿಡಿ ಪರಮಾಣುಗಳಾಗಿ ಒಡೆಯುತ್ತದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹಕ್ಕೆ ಅವು ಬಡಿದು ಬಡಿದು ಹೊದಿಕೆಯ ಪ್ಲಾಸ್ಟಿಕ್ ಹಾಳೆ ಸವೆಯುತ್ತದೆ. ಅಮೆರಿಕದವರು 1984ರಲ್ಲಿ ಬಗೆಬಗೆಯ ವಸ್ತುಗಳನ್ನು ಎಲ್‌ಡಿಇಎಫ್ ಎಂಬ ಉಪಗ್ರಹಕ್ಕೆ ಕಟ್ಟಿ ಬಿಟ್ಟು, 1990ರಲ್ಲಿ ಇಳಿಸಿ ನೋಡಿದರು. ಓಡುವ ದಿಕ್ಕಿಗೆ ಎದುರಾಗಿದ್ದ ಮುಖದ ತೆಳು ಹಾಳೆಗಳು ತಿಂದುಹೋಗಿದ್ದವು. ಕೆಲವೆಡೆ ಕಂದು ಕಲೆ ಕೂತಿತ್ತು. ಅದು ಬಂದದ್ದು ಉಪಗ್ರಹದ್ದೇ ಬಣ್ಣ, ಅಂಟುಗಳಿಂದ.

ಬಿಸಿಲಲ್ಲಿ ನಿಂತ ಹೊಸ ಕಾರಿನೊಳಗೆ ವಾಸನೆ ಬರುತ್ತದೆ, ಗಾಜಿಗೆ ಮಬ್ಬು ಕಟ್ಟುತ್ತದೆ, ನೋಡಿದ್ದೀಯಲ್ಲ? ನಿರ್ವಾತದಲ್ಲಿ ಆ ಆವಿ ಇನ್ನೂ ಸಲೀಸಾಗಿ ಹೊರಡುತ್ತದೆ, ತಣ್ಣಗಿರುವ ದೂರದರ್ಶಕದ ಕನ್ನಡಿಯ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಬಿಡಿಭಾಗಗಳನ್ನು ಮೊದಲೇ ನಿರ್ವಾತದಲ್ಲಿ ಕಾಯಿಸಿ ಆವಿ ಬಿಡಿಸುತ್ತಾರೆ.

ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಮೇಲೇರಿದ್ದು 2015ರ ಸೆಪ್ಟೆಂಬರ್ 28ಕ್ಕೆ. ಅದರ ನೇರಳಾತೀತ ದೂರದರ್ಶಕ ಯುವಿಐಟಿಯನ್ನು ಜೋಡಿಸಿದ್ದು ಹೊಸಕೋಟೆಯ ಕ್ಲೀನ್‌ರೂಮಿನಲ್ಲಿ. ನೇರಳಾತೀತ ಬೆಳಕನ್ನು ನುಂಗಲು ಕಣ್ಣಿಗೆ ಕಾಣದಷ್ಟು ತೆಳು ಜಿಡ್ಡೂ ಸಾಕು. ಉಪಗ್ರಹದ ಆವಿ ಹೋಗಲೆಂದು ಎರಡು ತಿಂಗಳು ದೂರದರ್ಶಕದ ಬಾಗಿಲು ಮುಚ್ಚಿಟ್ಟು, ನವೆಂಬರ್ 30ಕ್ಕೆ ತೆರೆದರು. ಅಷ್ಟು ತಾಳ್ಮೆ ಇದ್ದದ್ದಕ್ಕೇ ಆ ಕನ್ನಡಿ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಬೆಳಕು ಹಿಡಿಯಿತು. 2020ರಲ್ಲಿ ಅದನ್ನು ಸಾರಿದ ತಂಡದ ಮುಂದಾಳು ನಮ್ಮ ಪುಣೆಯ ಅಯೂಕಾ ಎಂಬ ಖಗೋಳ ಸಂಸ್ಥೆಯವರು. ನನಗೆ ಇದು ದೊಡ್ಡ ಹೆಮ್ಮೆ.

ಹಾಗಾಗಿ ಕೆಲಸಕ್ಕೆ ಹೋಗುವ ದಿನ ಪೌಡರ್, ಕಾಡಿಗೆ, ಸೆಂಟು, ಕೈಗೆ ಕ್ರೀಮು ಬೇಡ. ವಿಭೂತಿಯನ್ನು ಬೆಳಗಿನ ಪೂಜೆಗೆ ಧರಿಸು, ಒಳಹೋಗುವ ಮುಂಚೆ ಮುಖ ತೊಳೆ. ಅದರಿಂದ ಭಕ್ತಿಗೆ ಕುಂದಿಲ್ಲ. ಕೂದಲು ಟೋಪಿಯೊಳಗೇ ಇರಲಿ. ಗವಸು ಹಾಕಿದ ಕೈಯಿಂದ ಮೂಗು ಮುಟ್ಟಿದರೆ ಗವಸು ಬದಲಿಸು, ಯಾರೂ ನೋಡದಿದ್ದರೂ. ಎಲ್ಲಾದರೂ ಬರಿಬೆರಳು ತಾಗಿದರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡ, ಆಗಲೇ ಮೇಲಿನವರಿಗೆ ಹೇಳು. ನೆಲದ ಮೇಲಿರುವಾಗ ಆ ಜಿಡ್ಡು ತೆಗೆಯಲು ಬರುತ್ತದೆ. ಮೇಲೇರಿದ ಮೇಲೆ ಬಿಸಿಲು ಅದನ್ನು ಅಲ್ಲಿಯೇ ಗಟ್ಟಿಯಾಗಿ ಅಂಟಿಸಿಬಿಡುತ್ತದೆ.