ಸಾಲವೂ ತೀರಲಿ, ಮನೆಯೂ ನಗಲಿ



ಪವಿತ್ರ ಬೈಬಲಿನಲ್ಲಿ ಸಾಲದ ಮಾತು ಹಲವು ಕಡೆ ಬರುತ್ತದೆ. ಆದರೆ ಸಾಲದಲ್ಲಿ ಮುಳುಗಿದ ಮನೆಯ ಒಳಗೇ ನಮ್ಮನ್ನು ಕರೆದೊಯ್ಯುವ ಪ್ರಸಂಗವಿರುವುದು ಅರಸರ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ. ಪ್ರವಾದಿಗಳ ಪಂಗಡಕ್ಕೆ ಸೇರಿದ ಒಬ್ಬಾತ ಸಾಲ ಉಳಿಸಿ ತೀರಿಕೊಂಡಿದ್ದಾನೆ. ಸಾಲ ಕೊಟ್ಟವನು ಅವನ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ದಿಕ್ಕು ತೋಚದ ವಿಧವೆ ಪ್ರವಾದಿ ಎಲೀಷನ ಬಳಿ ಗೋಳಿಡುತ್ತಾಳೆ. ಮನೆಯಲ್ಲಿ ಏನಿದೆ ಎಂದು ಅವನು ಕೇಳುತ್ತಾನೆ. ಒಂದು ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಂದು, ಬಾಗಿಲು ಮುಚ್ಚಿ, ಮಕ್ಕಳೊಂದಿಗೆ ಕೂತು ಎಣ್ಣೆ ಸುರಿಯಲು ಅವನು ಹೇಳುತ್ತಾನೆ. ಪಾತ್ರೆಗಳೆಲ್ಲ ತುಂಬಿದ ಮೇಲೆ ಅವಳಿಗೆ ಸಿಕ್ಕ ಅಪ್ಪಣೆಯಲ್ಲಿ ಎರಡು ಭಾಗಗಳಿದ್ದವು. ಎಣ್ಣೆ ಮಾರಿ ಸಾಲ ತೀರಿಸಬೇಕು ಎಂಬುದು ಒಂದು. ಮಿಕ್ಕ ಹಣದಲ್ಲಿ ತಾನೂ ಮಕ್ಕಳೂ ಬದುಕಬೇಕು ಎಂಬುದು ಇನ್ನೊಂದು.

ನಮ್ಮಲ್ಲಿ ಬಹಳ ಮಂದಿ ಮೊದಲ ಭಾಗವನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಸಾಲ ತೀರಿಸಬೇಕೆಂಬ ಹಟ ಬಂದಾಗ ನಾವು ಏನು ಮಾಡುತ್ತೇವೆ? ಹೊಸ ವರ್ಷದ ಬಲಿಪೂಜೆ ಮುಗಿಸಿ ಮನೆಗೆ ಬಂದವರೇ ಇನ್ನು ಮುಂದೆ ಭಾನುವಾರ ಕೋಳಿಯಿಲ್ಲ, ಪತ್ರಿಕೆಯಿಲ್ಲ, ಮಕ್ಕಳಿಗೆ ತಿಂಡಿಯಿಲ್ಲ, ಬಂಧುಗಳ ಮನೆಗೆ ಹೋಗುವುದಿಲ್ಲ ಎಂದು ಶಪಥ ಮಾಡುತ್ತೇವೆ. ಎರಡು ತಿಂಗಳು ನಡೆಯುತ್ತದೆ. ಮೂರನೆಯ ತಿಂಗಳು ಗಂಡ ಹೆಂಡತಿ ನಡುವೆ ಜಗಳ. ನಾಲ್ಕನೆಯ ತಿಂಗಳು ಧರ್ಮಕೇಂದ್ರದ ಹಬ್ಬ ಬರುತ್ತದೆ. ಅಷ್ಟು ದಿನ ಬಿಗಿಹಿಡಿದ ಕೈ ಒಮ್ಮೆಲೇ ಸಡಿಲಗೊಂಡು ಐದು ಸಾವಿರ ಹೊಸ ಕೈಸಾಲ ಹುಟ್ಟುತ್ತದೆ. ಶಪಥ ಮುರಿದ ನಾಚಿಕೆಗೆ ಆಮೇಲೆ ಲೆಕ್ಕ ನೋಡುವುದನ್ನೇ ಬಿಡುತ್ತೇವೆ.

ಧರ್ಮಸಭೆ ಇಂಥ ತಪಸ್ಸನ್ನು ಎಂದೂ ವಿಧಿಸಿಲ್ಲ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ದಿನಗಳನ್ನು ಎಣಿಸಿ ನೋಡಿ, ನಲವತ್ತಕ್ಕಿಂತ ಹೆಚ್ಚು ಬರುತ್ತದೆ. ಭಾನುವಾರಗಳನ್ನು ಬಿಟ್ಟರೆ ಮಾತ್ರ ಲೆಕ್ಕ ನಲವತ್ತಕ್ಕೆ ಸರಿಹೋಗುತ್ತದೆ. ಏಕೆಂದರೆ ಭಾನುವಾರ ಪ್ರಭುವಿನ ದಿನ, ಉಪವಾಸದ ದಿನವಲ್ಲ. ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ ತಪಸ್ಸುಕಾಲದ ಶುಕ್ರವಾರ ಬಂದರೆ ಅಂದು ಮಾಂಸವರ್ಜನೆಯ ಕಟ್ಟಳೆ ಇಲ್ಲ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಎರಡು ಸಾವಿರ ವರ್ಷಗಳ ಅನುಭವವಿರುವ ತಾಯಿ ಆಕೆ. ನಡುನಡುವೆ ಹಬ್ಬವಿಲ್ಲದ ಉಪವಾಸ ಹೆಚ್ಚು ದಿನ ನಿಲ್ಲದೆಂದು ಆಕೆಗೆ ಗೊತ್ತು. ಸಾಲ ತೀರಿಸುವ ಮನೆಗೂ ಇದೇ ಪಂಚಾಂಗ ಬೇಕು.

ಹಾಗೆಂದು ಸಾಲವನ್ನು ಹಗುರವಾಗಿ ಕಾಣುವಂತಿಲ್ಲ. ಸಾಲ ಮರುಪಾವತಿ ನ್ಯಾಯದ ವಿಷಯ, ದಯೆಯ ವಿಷಯವಲ್ಲವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2411ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಕೊಟ್ಟವರಿಗೆ ಹಿಂದಿರುಗಿಸಲೇಬೇಕು. ನಮ್ಮ ಪ್ರಶ್ನೆ ಇಷ್ಟೇ: ಮನೆ ಮುರಿಯದಂತೆ ಹಿಂದಿರುಗಿಸುವುದು ಹೇಗೆ?

ಬಾಗಿಲು ಮುಚ್ಚಿ, ಮಕ್ಕಳೊಂದಿಗೆ

ಆ ವಿಧವೆ ಮಾಡಿದ ಮೊದಲ ಕೆಲಸ ಬಾಯಿಬಿಟ್ಟು ಹೇಳಿದ್ದು. ನಮ್ಮಲ್ಲಿ ಇದೇ ಕಷ್ಟ. ಹೆಂಡತಿಗೆ ತಿಳಿಯದ ಗಂಡನ ಕೈಸಾಲ, ಗಂಡನಿಗೆ ತಿಳಿಯದ ಹೆಂಡತಿಯ ಸಂಘದ ಸಾಲ, ಇಬ್ಬರಿಗೂ ತಿಳಿಯದ ಮಗನ ಮೊಬೈಲ್ ಆಪ್ ಸಾಲ. ಸಾಲ ಕೊಟ್ಟವರು ಅದೇ ದೇವಾಲಯದಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾರೆಂದು ಭಾನುವಾರದ ಪೂಜೆಗೇ ಬರುವುದನ್ನು ಬಿಟ್ಟ ಕುಟುಂಬಗಳಿವೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಸಣ್ಣ ಸಾಲಗಳ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದಕ್ಕಿಂತ ಭೀಕರವಾದ ದಾರಿ ಹಿಡಿದವರನ್ನೂ ಬಲ್ಲೆವು. ಹಣದ ಮೊತ್ತದಷ್ಟೇ ಬಚ್ಚಿಟ್ಟ ಮೌನವೂ ಅವರನ್ನು ಅಲ್ಲಿಗೆ ದೂಡಿರುತ್ತದೆ.

ಆದ್ದರಿಂದ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕೂತು, ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುವ ಲೂಕನ ಶುಭಸಂದೇಶದ ಭಾಗವನ್ನು (14ನೆಯ ಅಧ್ಯಾಯ) ಓದಿ, ಒಂದು ನೋಟ್‌ಬುಕ್ ತೆರೆಯಿರಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ದಿನ ಕಟ್ಟಬೇಕು ಎಂದು ಬರೆಯಿರಿ. ಬೈಯುವುದನ್ನು ಆ ಒಂದು ಸಂಜೆಗಾದರೂ ಬಿಡಿ. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಹೊರಗೆ ಕಳಿಸಬೇಡಿ; ಪಾತ್ರೆಗಳನ್ನು ತಂದುಕೊಟ್ಟವರು ಆ ವಿಧವೆಯ ಮಕ್ಕಳೇ.

ಯಾವ ಸಾಲ ಮೊದಲು?

ಒಂದು ಉದಾಹರಣೆ ನೋಡೋಣ. ತಿಂಗಳಿಗೆ 30,000 ರೂಪಾಯಿ ಬರುವ ಮನೆ ಎಂದಿಟ್ಟುಕೊಳ್ಳಿ. ಕೈಸಾಲ 40,000, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ತಂದದ್ದು 80,000. ಬಡ್ಡಿ ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ ವರ್ಷಕ್ಕೆ ಒಂಬತ್ತು. ಅಕ್ಕನಿಂದ ಬಡ್ಡಿಯಿಲ್ಲದೆ ಪಡೆದದ್ದು 20,000. ಊಟ, ಬಾಡಿಗೆ, ಶಾಲೆ ಎಲ್ಲ ಕಳೆದು ಸಾಲಕ್ಕೆಂದು ತಿಂಗಳಿಗೆ 8,000 ತೆಗೆದಿಡಲು ಸಾಧ್ಯವಿದೆ.

ಇಂಥ ಮನೆಗಳು ಸಾಮಾನ್ಯವಾಗಿ ಮೊದಲು ಬಿಡಿಸಿಕೊಳ್ಳುವುದು ಒಡವೆಯನ್ನು. ಬರಿಗೊರಳಿನಲ್ಲಿ ಮದುವೆಗೆ ಹೋಗುವುದು ಹೇಗೆ ಎಂಬ ಸಂಕೋಚ. ಆಗ ಏನಾಗುತ್ತದೆ? ಕೈಸಾಲಕ್ಕೆ ಬರೀ ಬಡ್ಡಿ 2,000 ಕೊಟ್ಟು, ಉಳಿದ 6,000ವನ್ನು ಬ್ಯಾಂಕಿಗೆ ಕಟ್ಟುತ್ತಾ ಹೋದರೆ ಒಡವೆ ಕೈಗೆ ಬರಲು ಹದಿನಾಲ್ಕು ತಿಂಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಕೈಸಾಲದವರಿಗೆ ಬಡ್ಡಿಯೇ 28,000 ಸಂದಿರುತ್ತದೆ. ಅಸಲು 40,000 ಇದ್ದ ಹಾಗೇ ಇರುತ್ತದೆ!

ತಿರುಗಿಸಿ ಮಾಡಿ. ಒಡವೆಗೆ ಬರೀ ಬಡ್ಡಿ 600 ಕಟ್ಟಿ, ಅಕ್ಕನಿಗೆ ನಿಜಸ್ಥಿತಿ ತಿಳಿಸಿ ವಾಯಿದೆ ಕೇಳಿ, ಉಳಿದ 7,400ವನ್ನು ಕೈಸಾಲಕ್ಕೆ ಕೊಡಿ. ಏಳನೆಯ ತಿಂಗಳಲ್ಲಿ ಕೈಸಾಲ ಪೂರ್ತಿ ತೀರುತ್ತದೆ. ತೆತ್ತ ಬಡ್ಡಿ ಒಟ್ಟು ಸುಮಾರು 7,800. ಆ ಬಳಿಕ ಪೂರ್ತಿ ಎಂಟು ಸಾವಿರ ಒಡವೆಯ ಕಡೆಗೆ ತಿರುಗುತ್ತದೆ. ಇದಕ್ಕೆ ಎರಡು ಎಚ್ಚರಿಕೆಗಳಿವೆ. ಕೈಸಾಲದವರು ಅಸಲನ್ನು ಕಂತಿನಲ್ಲಿ ಪಡೆಯಲು ಒಪ್ಪದಿದ್ದರೆ ಆ ಹಣವನ್ನು ಮನೆಯಲ್ಲಿಡದೆ ಬ್ಯಾಂಕಿನಲ್ಲಿ ಕೂಡಿಸಿ, ಒಟ್ಟಿಗೆ ಕೊಡಿ. ಬಡ್ಡಿ ಸ್ವಲ್ಪ ಹೆಚ್ಚಾದರೂ ದಾರಿ ಅದೇ. ಒಡವೆ ಸಾಲದ ಅವಧಿ ಮುಗಿಯುವ ಮೊದಲೇ ಬ್ಯಾಂಕಿಗೆ ಹೋಗಿ ನವೀಕರಿಸಿಕೊಳ್ಳಿ, ಇಲ್ಲವಾದರೆ ಹರಾಜಿನ ನೋಟಿಸು ಬಂದೀತು. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಇರುವವರು ಅದನ್ನೂ ಕೈಸಾಲದ ಸಾಲಿಗೇ ಸೇರಿಸಬೇಕು. ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿದೆ. ಮೀಟರ್ ಬಡ್ಡಿಯವನ ಹಾಗೆ ಬಾಗಿಲಿಗೆ ಬಂದು ಕೂಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಆ 8,000ದಿಂದ ಒಂದು ಸಾವಿರವನ್ನು ಮನೆಯ ಸಂತೋಷಕ್ಕೆ ಬಿಟ್ಟರೆ ಎಷ್ಟು ನಷ್ಟ? ಕೈಸಾಲಕ್ಕೆ 7,400ರ ಬದಲು 6,400 ಹೋಗುತ್ತದೆ. ಏಳು ತಿಂಗಳ ಬದಲು ಎಂಟು ತಿಂಗಳು ಹಿಡಿಯುತ್ತದೆ. ಹೆಚ್ಚುವರಿ ಬಡ್ಡಿ ಸುಮಾರು 1,350 ರೂಪಾಯಿ. ಇಷ್ಟೇ! ಎಲ್ಲವನ್ನೂ ತೊರೆದು, ನಡುವೆ ಸೋತು, ಹಬ್ಬಕ್ಕೆಂದು ಐದು ಸಾವಿರ ಹೊಸ ಸಾಲ ತಂದರೆ ಆರು ತಿಂಗಳಿಗೆ ಅದರ ಬಡ್ಡಿಯೇ 1,500 ಆಗುತ್ತದೆ, ಅಸಲು ಬೇರೆ. ಹಾಗಿರುವಾಗ ಆ ಒಂದು ಸಾವಿರವನ್ನು ದುಂದು ಎನ್ನುವುದು ಸರಿಯಲ್ಲ. ಅದು ತೀರಿಸುವ ಕೆಲಸಕ್ಕೇ ಕೊಟ್ಟ ಕೂಲಿ.

ಬೀಸುವ ಕಲ್ಲು ಯಾವುದು?

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ಕಟ್ಟಳೆ ಇದೆ. ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಹೋಳನ್ನಾಗಲಿ ಯಾರೂ ಒತ್ತೆ ಹಿಡಿಯಬಾರದು, ಹಾಗೆ ಹಿಡಿದವನು ಒಂದು ಜೀವವನ್ನೇ ಒತ್ತೆ ಹಿಡಿದಂತೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಅವನು ಹೊದ್ದು ಮಲಗುವಂತೆ ಸೂರ್ಯ ಮುಳುಗುವಾಗ ಹಿಂದಿರುಗಿಸಬೇಕು. ಕಲ್ಲು ಅನ್ನಕ್ಕೆ, ಹೊದಿಕೆ ರಾತ್ರಿಯ ನಿದ್ದೆಗೆ. ಸಾಲ ಕೊಟ್ಟವನ ಹಕ್ಕು ಇವೆರಡರ ಹೊಸ್ತಿಲಲ್ಲಿ ನಿಲ್ಲಬೇಕೆಂದು ದೇವರೇ ಗೆರೆ ಎಳೆದಿದ್ದಾರೆ.

ನಿಮ್ಮ ಮನೆಯಲ್ಲಿ ಬೀಸುವ ಕಲ್ಲು ಯಾವುದೆಂದು ನೀವೇ ಗುರುತಿಸಿಕೊಳ್ಳಿ. ಹೊಲಿಗೆ ಯಂತ್ರ, ಆಟೋ, ಮಕ್ಕಳ ಶಾಲೆ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ. ಇವುಗಳನ್ನು ಮಾರಿ, ನಿಲ್ಲಿಸಿ ಸಾಲ ತೀರಿಸುವುದು ಬೇಡ. ಹೊದಿಕೆ ಯಾವುದೆಂದು ಗುರುತಿಸುವುದೇ ಹೆಚ್ಚು ಕಷ್ಟ, ಏಕೆಂದರೆ ಅದು ಒಬ್ಬೊಬ್ಬರಿಗೆ ಒಂದೊಂದು. ಅಪ್ಪನಿಗೆ ಬೆಳಗಿನ ಪತ್ರಿಕೆ ಇರಬಹುದು, ಮಗಳಿಗೆ ಗಾಯನವೃಂದದ ಅಭ್ಯಾಸಕ್ಕೆ ಹೋಗಿಬರುವ ಬಸ್ಸಿನ ಖರ್ಚು ಇರಬಹುದು, ಅಮ್ಮನಿಗೆ ತಿಂಗಳಿಗೊಮ್ಮೆ ತವರು. ಎಲ್ಲರಿಗೂ ಸೇರಿ ಭಾನುವಾರದ ಊಟ. ಒಬ್ಬೊಬ್ಬರೂ ಒಂದನ್ನು ಹೇಳಲಿ, ಬೇರೆಯವರು ಅದನ್ನು ಹಂಗಿಸದಿರಲಿ. ಮನೆಯ ಹಿರಿಯರು ತಮಗೆ ಮಾತ್ರ ಒಂದು ಸಂತೋಷ ಉಳಿಸಿಕೊಂಡು ಉಳಿದವರಿಗೆ ತಪಸ್ಸು ಬೋಧಿಸುವುದುಂಟು. ಬಾಟಲಿಯನ್ನು ‘ನನ್ನ ಒಂದೇ ಒಂದು ಸುಖ’ ಎಂದು ಪಟ್ಟಿಗೆ ಸೇರಿಸುವವರೂ ಉಂಟು. ಉಳಿದವರ ಹೊದಿಕೆಯನ್ನು ಕಿತ್ತುಕೊಳ್ಳುವ ಸುಖ ಆ ಪಟ್ಟಿಗೆ ಸೇರುವುದಿಲ್ಲ.

ಬಿಡಬೇಕಾದದ್ದು ಬಹುಮಟ್ಟಿಗೆ ಬೇರೆಯವರ ಕಣ್ಣಿಗಾಗಿ ಮಾಡುವ ಖರ್ಚು. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಮುನ್ನೂರು ಜನರ ಔತಣ, ಬಾಡಿಗೆ ಸಭಾಂಗಣ, ವಿಡಿಯೊ. ಪ್ರಭು ಅಂದು ಆ ಮಗುವಿನ ಬಳಿಗೆ ಬರುವುದಕ್ಕೆ ಇವೊಂದೂ ಬೇಕಿಲ್ಲ. ಮನೆಯವರು, ಜ್ಞಾನತಂದೆ ತಾಯಿ, ನೆರೆಯ ಎರಡು ಮನೆಗಳವರು ಸೇರಿ ಉಂಡರೆ ಮಗುವಿಗೆ ಅದೇ ನೆನಪಿನಲ್ಲಿ ಉಳಿಯುತ್ತದೆ. ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು, ಆದರೂ ಬರೆಯದೆ ವಿಧಿಯಿಲ್ಲ.

ಹರಕೆ, ಕಾಣಿಕೆ

ಸಾಲವಿರುವಾಗ ವೇಳಾಂಕಣಿ ಯಾತ್ರೆಯ ಹರಕೆ ಏನು ಮಾಡುವುದು ಎಂದು ಅನೇಕರು ಚಿಂತಿಸುತ್ತಾರೆ. ಮಾತೆಗೆ ಕೊಟ್ಟ ಮಾತು ತಪ್ಪಿದರೆ ಕೆಡುಕಾದೀತೆಂಬ ಭಯದಿಂದ ಬಡ್ಡಿಗೆ ಹಣ ತಂದು ಯಾತ್ರೆ ಹೊರಡುವವರಿದ್ದಾರೆ. ಇದು ಬೇಡ. ವೈಯಕ್ತಿಕ ಹರಕೆಯಿಂದ ನ್ಯಾಯವಾದ ಕಾರಣಕ್ಕೆ ಬಿಡುಗಡೆ ನೀಡುವ ಅಧಿಕಾರವನ್ನು ಧರ್ಮಸಭೆಯ ಕಾನೂನು (1196ನೆಯ ವಿಧಿ) ಧರ್ಮಕೇಂದ್ರದ ಗುರುಗಳಿಗೆ ಕೊಟ್ಟಿದೆ. ಹೋಗಿ ಕೇಳಿ. ಅಷ್ಟೇ ಒಳಿತಿನ ಬೇರೊಂದು ಕಾರ್ಯಕ್ಕೆ ಅದನ್ನು ಬದಲಿಸಿಕೊಳ್ಳಲೂ ದಾರಿಯಿದೆ. ಕಾಣಿಕೆಯ ಬಗ್ಗೆಯೂ ಅಷ್ಟೇ: ಹತ್ತು ರೂಪಾಯಿ ಹಾಕಿ, ತಲೆ ಎತ್ತಿಕೊಂಡು ಹಾಕಿ. ಇನ್ನೊಬ್ಬರಿಗೆ ಸಲ್ಲಬೇಕಾದ ಹಣದಿಂದ ದೊಡ್ಡ ಕಾಣಿಕೆ ಕೊಡುವುದು ದೇವರಿಗೆ ಪ್ರಿಯವೆಂದು ಯಾರೂ ಹೇಳಿಲ್ಲ.

ಪಾತ್ರೆ ಕೊಟ್ಟ ನೆರೆಯವರು

ಆ ವಿಧವೆಗೆ ಬರಿದಾದ ಪಾತ್ರೆಗಳನ್ನು ಕೊಟ್ಟ ನೆರೆಯವರ ಹೆಸರು ಬೈಬಲಿನಲ್ಲಿಲ್ಲ. ಬಡ್ಡಿಯ ಬಾಯಿಂದ ಬಡವರನ್ನು ಬಿಡಿಸಲು ಇಟಲಿಯ ಪೆರೂಜಾ ನಗರದಲ್ಲಿ 1462ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಕಡಿಮೆ ಖರ್ಚಿನ ಒತ್ತೆ ಸಾಲದ ನಿಧಿಯನ್ನು ತೆರೆದರು. ನಮ್ಮ ದೇಶದಲ್ಲಿ ರಾಂಚಿಯ ಕಡೆಯ ಆದಿವಾಸಿಗಳಿಗಾಗಿ ಯೇಸುಸಭೆಯ ಹಾಫ್‌ಮನ್ ಗುರುಗಳು 1909ರಲ್ಲಿ ಸಹಕಾರಿ ಸಾಲ ಸಂಘವನ್ನು ಕಟ್ಟಿದರು. ಮಂಗಳೂರಿನ ಕಥೋಲಿಕ ಸಹಕಾರಿ ಬ್ಯಾಂಕು 1912ರಲ್ಲಿ ಹುಟ್ಟಿತು. ನಿಮ್ಮ ಊರಿನಲ್ಲೂ ಸಹಕಾರಿ ಸೊಸೈಟಿ, ಮಹಿಳೆಯರ ಸ್ವಸಹಾಯ ಸಂಘ, ಸಂತ ವಿನ್ಸೆಂಟ್ ದ ಪೌಲರ ಸಭೆ ಇರಬಹುದು. ಐದು ರೂಪಾಯಿ ಬಡ್ಡಿಯ ಸಾಲವನ್ನು ಒಂದು ರೂಪಾಯಿ ಬಡ್ಡಿಯ ಸಾಲಕ್ಕೆ ಬದಲಿಸಿಕೊಳ್ಳಲು ಸಾಧ್ಯವಿದ್ದರೆ ತಡಮಾಡಬೇಡಿ. ಆದರೆ ಹಣ ಕೈಗೆ ಬಂದ ದಿನವೇ ಹಳೆಯ ಸಾಲಕ್ಕೆ ಕಟ್ಟಿಬಿಡಿ, ಒಂದು ರಾತ್ರಿಯೂ ಮನೆಯಲ್ಲಿ ಉಳಿಸಬೇಡಿ.

ವಸೂಲಿಗೆ ಬಂದವರು ಬೆದರಿಸಿದರೆ ನೀವು ಒಂಟಿಯಲ್ಲ. ಕಿರುಸಾಲ ಸಂಸ್ಥೆಯವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಸಾಲಗಾರರಿಗೆ ಕರೆ ಮಾಡಿ ಕಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿರುವ ಕಾನೂನನ್ನು ಕರ್ನಾಟಕ ಸರ್ಕಾರ 2025ರಲ್ಲಿ ತಂದಿದೆ. ಗುರುಗಳನ್ನೋ ಧರ್ಮಕೇಂದ್ರದ ಹಿರಿಯರೊಬ್ಬರನ್ನೋ ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಕೊನೆಯ ಕಂತು ಕೊಟ್ಟ ದಿನ ಒಂದು ಕೆಲಸ ಮರೆಯಬೇಡಿ. ನೀವು ಸಹಿ ಹಾಕಿಕೊಟ್ಟ ಪ್ರೋನೋಟು, ಖಾಲಿ ಚೆಕ್ಕು, ಮನೆಪತ್ರ ಏನಿದ್ದರೂ ಅಲ್ಲೇ ಕೇಳಿ ಪಡೆಯಿರಿ, ಹಣ ಪೂರ್ತಿ ಸಂದಿದೆಯೆಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯುವ ಕೆಲಸವನ್ನು ಮಕ್ಕಳಿಗೆ ಬಿಡಿ.