ಕೊನೆಯ ರೈಲು ಹನ್ನೆರಡಕ್ಕೆ, ಕೊನೆಯ ಹಾಡು ನಾಲ್ಕಕ್ಕೆ

ಬ್ಯಾಂಕಾಕ್‌ನ ಸ್ಕೈಟ್ರೇನ್ ಮಧ್ಯರಾತ್ರಿಯ ಆಸುಪಾಸಿಗೆ ಓಡಾಟ ನಿಲ್ಲಿಸುತ್ತದೆ. ಕ್ಲಬ್ಬುಗಳ ಕಥೆ ಬೇರೆ. ಪರವಾನಗಿ ಪಡೆದ ಮನರಂಜನಾ ತಾಣಗಳು ಬೆಳಗಿನ ಜಾವ ನಾಲ್ಕರವರೆಗೆ ಬಾಗಿಲು ತೆರೆದಿಡಲು ಥಾಯ್ ಸರ್ಕಾರ 2023ರ ಡಿಸೆಂಬರ್ 15ರಿಂದ ಅನುಮತಿ ಕೊಟ್ಟಿದೆ. ನಡುವಿನ ಆ ನಾಲ್ಕು ತಾಸಿನಲ್ಲಿ ಎರಡು ಬಗೆಯ ಪ್ರವಾಸಿಗರು ತಮ್ಮ ಹೋಟೆಲ್ ಆಯ್ಕೆಯನ್ನು ಶಪಿಸುತ್ತಿರುತ್ತಾರೆ. ಒಬ್ಬ, ಕುಣಿದು ದಣಿದು ಬೀದಿಗೆ ಬಂದು, ಮೀಟರ್ ಹಾಕಲೊಪ್ಪದ ಟ್ಯಾಕ್ಸಿಯವನೊಡನೆ ಚೌಕಾಸಿಗೆ ನಿಂತವನು. ಇನ್ನೊಬ್ಬ, ಹತ್ತಕ್ಕೇ ಮಲಗಿ, ಕೆಳಗಿನ ಬಾರಿನ ಡ್ರಮ್ಮಿಗೆ ಕಿಟಕಿಯ ಗಾಜು ನಡುಗುವುದನ್ನು ಕೇಳುತ್ತ ಸೂರು ದಿಟ್ಟಿಸುವವನು. ಮೊದಲನೆಯವನು ತೀರ ದೂರದಲ್ಲಿ ಕೋಣೆ ಹಿಡಿದಿದ್ದಾನೆ, ಎರಡನೆಯವನು ತೀರ ಹತ್ತಿರದಲ್ಲಿ.

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ತಲುಪಬಹುದಾದ ಊರಿದು. ಹಾಗಾಗಿ ಗೆಳೆಯರ ಗುಂಪು, ಹೊಸ ಮದುವೆಯ ಜೋಡಿ, ಅಪ್ಪ ಅಮ್ಮನನ್ನು ಮೊದಲ ಬಾರಿ ಹೊರದೇಶಕ್ಕೆ ಕರೆದೊಯ್ಯುವ ಮಕ್ಕಳು, ಎಲ್ಲರೂ ಇಲ್ಲಿಗೇ ಬರುತ್ತಾರೆ. ಕೋಣೆ ಹುಡುಕುವಾಗ ಎಲ್ಲರೂ ಮಾಡುವುದು ಒಂದೇ: ಈಜುಕೊಳದ ಫೋಟೊ ನೋಡುತ್ತಾರೆ, ನಕ್ಷತ್ರ ಎಣಿಸುತ್ತಾರೆ, ದರ ಹೋಲಿಸುತ್ತಾರೆ, ವಿಳಾಸವನ್ನು ಕೊನೆಗೆ ಓದುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ಬ್ಯಾಂಕಾಕ್‌ನಲ್ಲಿ ಮೊದಲು ಗಲ್ಲಿ, ಆಮೇಲೆ ಹೋಟೆಲ್.

ಇಲ್ಲಿನ ಗಲ್ಲಿಗೆ ಸೊಯಿ ಎನ್ನುತ್ತಾರೆ. ಮುಖ್ಯರಸ್ತೆಯಿಂದ ಕವಲೊಡೆಯುವ ಸೊಯಿಗಳಿಗೆ ಜಯನಗರದ ಕ್ರಾಸ್‌ಗಳಂತೆ ನಂಬರು. ಅತಿ ಹೆಚ್ಚು ಹೋಟೆಲ್‌ಗಳು ಸಿಗುವ ಸುಖುಮ್ವಿತ್ ರಸ್ತೆಯಲ್ಲಿ ಉತ್ತರಕ್ಕೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಸರಿ ಸಂಖ್ಯೆ. ಆದರೆ ಎರಡು ಬದಿಯ ಎಣಿಕೆ ಜೊತೆಜೊತೆಯಾಗಿ ಸಾಗುವುದಿಲ್ಲ. ಸ್ಕೈಟ್ರೇನ್‌ನ ಥಾಂಗ್ಲೋ ನಿಲ್ದಾಣದಲ್ಲಿ ಇಳಿದವರಿಗೆ ಒಂದು ಬದಿಯಲ್ಲಿ 55ನೇ ಸೊಯಿ ಕಂಡರೆ ಎದುರುಬದಿಯಲ್ಲಿ 38 ಕಾಣುತ್ತದೆ. ನಂಬರು ನೋಡಿ ದೂರ ಅಂದಾಜು ಮಾಡಿದವರು ಅಲ್ಲೇ ಸೋಲುತ್ತಾರೆ. ಇನ್ನು ಜಾಹೀರಾತಿನಲ್ಲಿ ಬರಿದೇ 'ಸುಖುಮ್ವಿತ್ ರಸ್ತೆಯ ಮೇಲೆ' ಎಂದಿದ್ದರೆ ಅದಕ್ಕೆ ಬೆಲೆಯೇ ಇಲ್ಲ; ಆ ರಸ್ತೆ ಊರು ದಾಟಿ, ಹೆದ್ದಾರಿಯಾಗಿ, ಕಾಂಬೋಡಿಯಾ ಗಡಿಯ ತನಕ ಹೋಗುತ್ತದೆ.

ಹಾಗಾದರೆ ಯಾವ ಸೊಯಿ?

ಸುಖುಮ್ವಿತ್‌ನಲ್ಲಿ 'ನಾನಾ' ಎಂಬ ಸ್ಕೈಟ್ರೇನ್ ನಿಲ್ದಾಣದ ಸುತ್ತಮುತ್ತ ಎರಡು ಬೇರೆ ಬೇರೆ ಲೋಕಗಳಿವೆ. ದಕ್ಷಿಣದ 4ನೇ ಸೊಯಿಯಲ್ಲಿರುವುದು ನಾನಾ ಪ್ಲಾಝಾ, ಅಂತಸ್ತುಗಳ ತುಂಬ ಗೋ-ಗೋ ಬಾರುಗಳು. ಉತ್ತರದ 11ನೇ ಸೊಯಿಯಲ್ಲಿ ಕ್ಲಬ್ಬು, ಕಾಕ್‌ಟೇಲ್ ಬಾರು, ಛಾವಣಿಯ ಮೇಲಿನ ರೆಸ್ಟುರಾಂಟುಗಳು. ಫ್ರೇಸರ್ ಸೂಟ್ಸ್ ಕಟ್ಟಡದ ತುದಿಯಲ್ಲಿರುವ 'ಅಬೋವ್ ಇಲೆವೆನ್' ಹೆಸರಿಗೂ ಈ ಸೊಯಿಯೇ ಮೂಲ. ನಕ್ಷೆಯಲ್ಲಿ ಇವೆರಡರ ಅಂತರ ಏನೇನೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಹೆಂಡತಿ ಮಕ್ಕಳೊಡನೆ ನಡೆದು ಬರುವವರಿಗೆ ಮಾತ್ರ ಅಜಗಜಾಂತರ. 4ನೇ ಸೊಯಿಯ ಹೋಟೆಲ್‌ಗಳಲ್ಲಿ ದರ ಕಡಿಮೆ ಕಂಡರೆ ಕಾರಣ ಹುಡುಕಲು ಬೆವರು ಹರಿಸಬೇಕಿಲ್ಲ. ನೋಂದಾಯಿಸದ ಅತಿಥಿಯನ್ನು ರಾತ್ರಿ ಕೋಣೆಗೆ ಕರೆತಂದರೆ ಏನು ನಿಯಮ, ಎಷ್ಟು ಶುಲ್ಕ ಎಂಬ ವಿವರ ಹೋಟೆಲ್ಲಿನ ನಿಯಮಾವಳಿಯಲ್ಲಿ ಎದ್ದು ಕಾಣುತ್ತಿದ್ದರೆ, ಅಲ್ಲಿ ಯಾವ ಬಗೆಯ ಗಿರಾಕಿಗಳು ಹೆಚ್ಚೆಂದು ಅದೇ ಹೇಳುತ್ತದೆ. ಕೆಲವರಿಗೆ ಅದು ಅಡ್ಡಿಯಲ್ಲ. ಅಡ್ಡಿಯಾಗುವವರು ಮೊದಲೇ ಓದಿಕೊಂಡರೆ ಸಾಕು.

ಒಂದು ನಿಲ್ದಾಣ ಮುಂದೆ ಅಸೋಕ್. ಮೊದಲ ಸಲ ಹೋಗುವವರಿಗೆ ಇಡೀ ಊರಿನಲ್ಲಿ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಸ್ಕೈಟ್ರೇನೂ ಭೂಗತ ಮೆಟ್ರೊವೂ ಇಲ್ಲಿ ಸಂಧಿಸುತ್ತವೆ. ಮೆಟ್ರೊ ನಿಲ್ದಾಣದ ಹೆಸರು ಮಾತ್ರ ಅಸೋಕ್ ಅಲ್ಲ, ಸುಖುಮ್ವಿತ್. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಮಕ್ಕಾಸಾನ್‌ಗೆ ಬಂದು, ಪಕ್ಕದ ಫೆಟ್ಚಬುರಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಇದು. ಟರ್ಮಿನಲ್ 21 ಮಾಲ್‌ನ ನೆತ್ತಿಯ ಮೇಲೆಯೇ ಗ್ರಾಂಡ್ ಸೆಂಟರ್ ಪಾಯಿಂಟ್ ಹೋಟೆಲ್ ಇದೆ. ಮಳೆ ಸುರಿಯುತ್ತಿದ್ದರೂ ನೆನೆಯದೆ ರೈಲಿಗೆ ಹೋಗಬಹುದು. ಹತ್ತಿರದಲ್ಲೇ ಇರುವ ಸೊಯಿ ಕೌಬಾಯ್ 21 ಮತ್ತು 23ನೇ ಸೊಯಿಗಳ ನಡುವಿನ ಪುಟ್ಟ ನಿಯಾನ್ ಬೀದಿ. ಅದರ ಗದ್ದಲ ಆ ಬೀದಿಯಲ್ಲೇ ಉಳಿಯುತ್ತದೆ. ಅಸೋಕ್‌ನಿಂದ ಮುಂದಿನ ನಿಲ್ದಾಣವಾದ ಫ್ರೋಮ್ ಫಾಂಗ್ ಕಡೆಗೆ ಸರಿದಷ್ಟೂ ಬಾರು ಕಡಿಮೆ, ಕುಟುಂಬ ಜಾಸ್ತಿ.

ಆಗಲೇ ಹೇಳಿದ 55ನೇ ಸೊಯಿಯೇ ಥಾಂಗ್ಲೋ, ಹಣವಂತ ಥಾಯ್ ತರುಣರ ಬೀದಿ. ಇದರ ತೊಡಕು ಉದ್ದ. ಈ ಸೊಯಿ ಎರಡು ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ, ರೈಲು ಇರುವುದು ಒಂದು ತುದಿಯಲ್ಲಿ ಮಾತ್ರ. 'ಥಾಂಗ್ಲೋ ನಿಲ್ದಾಣಕ್ಕೆ ಹತ್ತಿರ' ಎಂದು ಬರೆದುಕೊಂಡ ಹೋಟೆಲ್ ಸೊಯಿಯ ಇನ್ನೊಂದು ತುದಿಯಲ್ಲಿದ್ದರೆ ದಿನವೂ ಕಿತ್ತಳೆ ಅಂಗಿಯ ಬೈಕ್ ಟ್ಯಾಕ್ಸಿಯವರನ್ನೇ ನಂಬಬೇಕು. ಇಂಥ ಕೆಲವು ಹೋಟೆಲ್‌ಗಳು ನಿಲ್ದಾಣದವರೆಗೆ ಉಚಿತ ಟುಕ್‌ಟುಕ್ ಇಟ್ಟಿರುತ್ತವೆ. ಅದು ರಾತ್ರಿ ಎಷ್ಟು ಗಂಟೆಯವರೆಗೆ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದೊಂದೇ.

ಇನ್ನು ಖಾವ್ ಸಾನ್. ಥಾಯ್ ದೊರೆ ಐದನೆಯ ರಾಮನ ಆಳ್ವಿಕೆಯಲ್ಲಿ, 1892ರಲ್ಲಿ ನಿರ್ಮಾಣವಾದ ಈ ರಸ್ತೆಯ ಉದ್ದ ಸುಮಾರು ನಾನೂರು ಮೀಟರ್. ಒಂದು ಕಾಲದಲ್ಲಿ ಅಕ್ಕಿಯ ಪೇಟೆಯಾಗಿದ್ದದ್ದು 1980ರ ದಶಕದಲ್ಲಿ ಬೆನ್ನಚೀಲದ ಪ್ರವಾಸಿಗರ ಠಾಣ್ಯವಾಯಿತು. ಅಲೆಕ್ಸ್ ಗಾರ್ಲಂಡ್‌ನ 1996ರ ಕಾದಂಬರಿ 'ದಿ ಬೀಚ್' ಆರಂಭವಾಗುವುದು ಇಲ್ಲಿಯ ಅಗ್ಗದ ವಸತಿಗೃಹವೊಂದರಲ್ಲಿ. ಸಂಜೆಯಾದರೆ ಬೀದಿಯ ಎರಡೂ ಬದಿಯ ಬಾರುಗಳು ಪೈಪೋಟಿಗೆ ಬಿದ್ದು ಸ್ಪೀಕರ್ ಸದ್ದು ಏರಿಸುತ್ತವೆ. ಕೋಲಿಗೆ ಚುಚ್ಚಿದ ಚೇಳು ಮಾರುವವರು ಫೋಟೊಗೂ ಕಾಸು ಕೇಳುತ್ತಾರೆ. ನೋಡಲೇಬೇಕಾದ ಜಾಗ, ಸಂಶಯವಿಲ್ಲ. ಅದರ ಮೇಲೆಯೇ ಮಲಗಬೇಕೆಂದೇನಿಲ್ಲ.

ಉಪಾಯ ಪಕ್ಕದಲ್ಲೇ ಇದೆ. ರಸ್ತೆಯ ಪಶ್ಚಿಮ ತುದಿ ದಾಟಿದರೆ ವಾಟ್ ಚನಾ ಸೊಂಗ್‌ಖ್ರಾಮ್ ದೇವಾಲಯ, ಅದನ್ನು ಬಳಸಿಕೊಂಡು ಹೋಗುವ ಸೊಯಿ ರಾಂಬುತ್ರಿ. ಮರಗಳ ಕೆಳಗೆ ಸಣ್ಣ ಊಟದ ಅಂಗಡಿ, ಗಿಟಾರು ಹಿಡಿದ ಒಬ್ಬಿಬ್ಬರು ಹಾಡುಗಾರರು. ಸದ್ದು ಇಲ್ಲವೆಂದಲ್ಲ, ಎದೆ ಗುದ್ದುವ ಸದ್ದಿಲ್ಲ. ಇನ್ನಷ್ಟು ಪಶ್ಚಿಮಕ್ಕೆ, ಚಾವ್ ಫ್ರಾಯಾ ನದಿಯ ದಂಡೆಯ ಫ್ರಾ ಆತಿತ್ ರಸ್ತೆ ಮತ್ತೂ ಶಾಂತ. ಖಾವ್ ಸಾನ್‌ಗೆ ಅಲ್ಲಿಂದ ನಡೆದೇ ಹೋಗಬಹುದು, ಮುಖ್ಯವಾಗಿ, ನಡೆದೇ ಹಿಂದಿರುಗಬಹುದು. ಥಾಯ್ ರಾಜರ ಅರಮನೆ ಸಂಕೀರ್ಣವೂ ಇಲ್ಲಿಗೆ ಹತ್ತಿರ, ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಬಿಸಿಲು ಏರುವ ಮುಂಚೆ, ಟೂರ್ ಬಸ್ಸುಗಳ ಜನಸಾಗರಕ್ಕಿಂತ ಮೊದಲು, ಕಾಲ್ನಡಿಗೆಯಲ್ಲೇ ಅಲ್ಲಿರಬಹುದು. ಈ ಹಳೆಯ ಪೇಟೆಯ ಕೊರತೆ ರೈಲು. ಹತ್ತಿರದ ಸಾಮ್ ಯೋತ್ ಮೆಟ್ರೊ ನಿಲ್ದಾಣವೂ ಲಗೇಜು ಎಳೆದುಕೊಂಡು ನಡೆಯುವ ದೂರದಲ್ಲಿಲ್ಲ. ಆದ್ದರಿಂದ ಐದಾರು ದಿನದ ಪ್ರವಾಸವಾದರೆ ಎರಡು ರಾತ್ರಿ ಇಲ್ಲಿ, ಉಳಿದದ್ದು ಸ್ಕೈಟ್ರೇನ್ ಬದಿಯಲ್ಲಿ ಎಂದು ಹಂಚಿಕೊಳ್ಳುವುದು ಜಾಣತನ. ಹೋಟೆಲ್ ಬದಲಿಸಲು ಹೋಗುವ ಅರ್ಧ ದಿನ, ದಿನವೂ ಟ್ರಾಫಿಕ್ಕಿನಲ್ಲಿ ಕೊಳೆಯುವ ಗಂಟೆಗಳಿಗಿಂತ ಅಗ್ಗ.

ಕನ್ನಡದ ಪ್ರವಾಸಿಗರು ಹೆಚ್ಚಾಗಿ ಗಮನಿಸದೆ ಬಿಡುವ ಪ್ರದೇಶ ಸಿಲೋಮ್. ಹಗಲು ಬ್ಯಾಂಕುಗಳ ಬೀದಿ, ರಾತ್ರಿ ಪಟ್‌ಪೊಂಗ್‌ನ ಸಂತೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಜೆಗೆ ಬರುತ್ತಿದ್ದ ಅಮೆರಿಕನ್ ಸೈನಿಕರಿಂದ ಪ್ರಸಿದ್ಧಿಗೆ ಬಂದ ಈ ಗಲ್ಲಿಗಳ ಬಾರಿನವರು ಮಹಡಿಯ ಮೇಲಿನ 'ಶೋ'ಗೆ ಕರೆದರೆ ಹೋಗದಿರುವುದೇ ಲೇಸು. ಕೆಳಗೊಂದು ದರ ಹೇಳಿ ಮೇಲೊಂದು ಬಿಲ್ಲು ಕೊಡುವ ಮೋಸ ಇಲ್ಲಿ ಬಹಳ ಹಳೆಯದು. ಪಟ್‌ಪೊಂಗ್‌ನಿಂದ ಸ್ವಲ್ಪ ನಡೆದರೆ ಕಾನ್ವೆಂಟ್ ರಸ್ತೆ, ಅದಕ್ಕೆ ಹಗಲಿನ ಸಜ್ಜನಿಕೆ ರಾತ್ರಿಯೂ ಇದೆ. ಸಾಲಾ ಡೇಂಗ್ ಸ್ಕೈಟ್ರೇನ್, ಸಿಲೋಮ್ ಮೆಟ್ರೊ ಎರಡೂ ಕೈಗೆಟಕುವ ದೂರ. ರಸ್ತೆ ದಾಟಿದರೆ ಲುಂಫಿನಿ ಉದ್ಯಾನ, ನಸುಕಿನಲ್ಲಿ ವಾಕಿಂಗ್ ಮಾಡುವ ಹಿರಿಯರು, ಕೆರೆಯಿಂದ ಏಳುವ ದೈತ್ಯ ಉಡಗಳು. ಇದೇ ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿಸಿದ ಮಹಾ ಉಮಾದೇವಿ ಗುಡಿಯಿದೆ. ವಿಜಯದಶಮಿಯ ರಾತ್ರಿ ದೇವಿಯ ಮೆರವಣಿಗೆಗಾಗಿ ವಾಹನ ಸಂಚಾರ ನಿಲ್ಲಿಸುತ್ತಾರೆ. ದಸರಾ ರಜೆಗೆ ಹೋಗುವವರಿಗೆ ಅದು ಭಾಗ್ಯವೂ ಹೌದು, ಅಂದು ಸಂಜೆ ಟ್ಯಾಕ್ಸಿಯಲ್ಲಿ ಹೋಟೆಲ್ ಬಾಗಿಲಿಗೆ ಇಳಿಯುವ ಆಸೆ ಇಟ್ಟುಕೊಂಡವರಿಗೆ ಫಜೀತಿಯೂ ಹೌದು.

ರಜೆಯ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆ. ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸ ವರ್ಷದ ಹಬ್ಬ ಸೊಂಗ್‌ಕ್ರಾನ್. ನೀರೆರಚಾಟದ ಮುಖ್ಯ ರಣರಂಗಗಳು ಸಿಲೋಮ್ ಮತ್ತು ಖಾವ್ ಸಾನ್. ಆ ಮೂರು ದಿನ ಈ ಎರಡು ಕಡೆ ಕೋಣೆ ಹಿಡಿದವರು ಹಾಲು ತರಲು ಹೋದರೂ ತೊಯ್ದೇ ಬರಬೇಕು. ಬಾಡಿಗೆಯೂ ಏರಿರುತ್ತದೆ.

ಚೀನೀ ಪೇಟೆ ಯಾವ್ವರಾತ್ ರಾತ್ರಿ ಊಟಕ್ಕೆ ಹೆಸರಾದದ್ದು. 2019ರಲ್ಲಿ ವಾಟ್ ಮಂಗ್‌ಕೊನ್ ಮೆಟ್ರೊ ನಿಲ್ದಾಣ ತೆರೆದ ಮೇಲೆ ಅಲ್ಲಿ ತಂಗುವುದು ಸುಲಭವಾಗಿದೆ. ಹಳೆಯ ಅಂಗಡಿ ಮನೆಗಳಲ್ಲಿ ಕಾಕ್‌ಟೇಲ್ ಬಾರುಗಳು ಹುಟ್ಟಿಕೊಂಡಿರುವ ಗಲ್ಲಿಯೊಂದಿದೆ, ಅದರ ಹೆಸರೂ ಸೊಯಿ ನಾನಾ! ಸುಖುಮ್ವಿತ್‌ನ ನಾನಾಗೂ ಇದಕ್ಕೂ ನಡುವೆ ಹಲವು ಕಿಲೋಮೀಟರ್. ಟ್ಯಾಕ್ಸಿಯವನಿಗೆ ಬರೀ 'ನಾನಾ' ಎಂದರೆ ಎಲ್ಲಿಗೆ ಒಯ್ಯುತ್ತಾನೋ ಅವನಿಗೇ ಗೊತ್ತು.

ಗಲ್ಲಿ ನಿಕ್ಕಿಯಾದ ಮೇಲೆ ಕೋಣೆ. ಎತ್ತರದ ಮಹಡಿ ಎಂದರೆ ನಿಶ್ಶಬ್ದ ಎಂಬ ನಂಬಿಕೆ ಅರ್ಧ ನಿಜ. ನಗರದ ಛಾವಣಿಗಳ ತುಂಬ ಬಾರುಗಳಿವೆ. ತುದಿಯ ಮಹಡಿಯವರಿಗೆ ನೆತ್ತಿಯ ಮೇಲಿಂದಲೇ ಸಂಗೀತ ಇಳಿಯುತ್ತದೆ. ಮಧ್ಯದ ಮಹಡಿ, ಬೀದಿಗೆ ಬೆನ್ನು ಹಾಕಿದ ಕೋಣೆ, ಲಿಫ್ಟಿನಿಂದ ದೂರ: ಬುಕಿಂಗ್ ಮಾಡುವಾಗಲೇ ಈ ಮೂರನ್ನು ಬರೆದು ಕೇಳಬೇಕು, ಹೋದ ಮೇಲೆ ಮತ್ತೊಮ್ಮೆ ನೆನಪಿಸಬೇಕು. ಅಗ್ಗದ ವಸತಿಗೃಹಗಳಲ್ಲಿ ಕಿಟಕಿಯೇ ಇಲ್ಲದ ಕೋಣೆಗಳುಂಟು, ಆ ವಿಷಯ ಸಣ್ಣ ಅಕ್ಷರದಲ್ಲಿರುತ್ತದೆ. ಖಾವ್ ಸಾನ್‌ನಂಥ ಕಡೆ ನಿದ್ದೆಗೆ ಅದೇ ಮೇಲಾದರೂ ಆದೀತು, ತೇವದ ವಾಸನೆ ತಾಳಿಕೊಳ್ಳುವವರಿಗೆ.

ಗಿರಾಕಿಗಳ ಅಭಿಪ್ರಾಯ ಓದುವುದಕ್ಕೂ ಒಂದು ಕ್ರಮ ಬೇಕು. ಹೊಗಳಿಕೆಗಳನ್ನು ಬಿಟ್ಟು, ಇತ್ತೀಚಿನ ತಿಂಗಳುಗಳ ಕಡಿಮೆ ಅಂಕದವನ್ನು ತೆರೆದು ಸದ್ದು, ಸಂಗೀತ, ಕಟ್ಟಡ ಕಾಮಗಾರಿ ಎಂಬ ಪದಗಳನ್ನು ಹುಡುಕಬೇಕು. ಬ್ಯಾಂಕಾಕ್‌ನಲ್ಲಿ ಕಾಮಗಾರಿ ನಡೆಯದ ಬೀದಿ ಅಪರೂಪ. ರಾತ್ರಿ ಬಾರು ಮುಚ್ಚಿದ ಮೇಲೆ ಬೆಳಿಗ್ಗೆ ಡ್ರಿಲ್ಲಿಂಗ್ ಶುರುವಾದರೆ ಮಲಗುವುದು ಯಾವಾಗ?

ದರದ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಇನ್ನೂ ಸೇರಬೇಕಾದದ್ದಿದೆ ಎಂದರ್ಥ. ಶೇಕಡಾ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇಕಡಾ 7 ತೆರಿಗೆ. ಹೀಗೆ 3,000 ಬಾಟ್ ಎಂದು ಕಂಡದ್ದು 3,531 ಆಗುತ್ತದೆ. ಅನೇಕ ಕಡೆ ಠೇವಣಿಯನ್ನೂ ಕೇಳುತ್ತಾರೆ; ರಸೀದಿ ಜೋಪಾನ. ದುರಿಯನ್ ಹಣ್ಣು ಒಳಗೆ ತಂದರೆ ದಂಡ ಎಂಬ ಫಲಕ ನೋಡಿ ನಗುವವರು ಒಮ್ಮೆ ಅದರ ವಾಸನೆ ಮೂಸಿದರೆ ಹೋಟೆಲಿನವರ ಪರ ವಹಿಸುತ್ತಾರೆ.

ಸಸ್ಯಾಹಾರಿಗಳಿಗೆ ಉಪಾಹಾರ ಸೇರಿದ ದರ ಸಾಮಾನ್ಯವಾಗಿ ಲಾಭದ್ದು. ಬೀದಿಯ ತರಕಾರಿ ಪಲ್ಯಕ್ಕೂ ನಾಮ್ ಪ್ಲಾ ಎಂಬ ಮೀನಿನ ಸಾರ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದ 'ಜೇ' ಇರುವ ಅಂಗಡಿಯಲ್ಲಿ ಮಾಂಸ, ಮೀನು ಎರಡೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮ ಮಡಿವಂತರಿಗೆ ಹೇಳಿ ಮಾಡಿಸಿದಂತಿದೆ. ಭಾರತೀಯ ಊಟವೇ ಬೇಕೆಂದರೆ ಸಾಮ್ ಯೋತ್ ನಿಲ್ದಾಣದ ಹತ್ತಿರದ ಫಾಹುರಾತ್ ಇದೆ.

ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಬ್ಯಾಂಕಾಕ್ ಮುಟ್ಟುವಾಗ ಅಲ್ಲಿ ಬೆಳಗಾಗಿರುತ್ತದೆ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಹೋಟೆಲ್‌ಗಳು ಕೋಣೆ ಕೊಡುವುದು ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ಬೇಗ ಕೊಡುವಿರಾ ಎಂದು ಮುಂಚೆಯೇ ಕೇಳಿ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಬೇಕು, ಇಲ್ಲವಾದರೆ ಚೀಲ ಇರಿಸಿ ಸ್ನಾನಕ್ಕೆ ಜಾಗವಿದೆಯೇ ಎಂದಾದರೂ ತಿಳಿಯಬೇಕು. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಬರುವ ವಿದೇಶಿಯರೆಲ್ಲ ಆಗಮನದ ಡಿಜಿಟಲ್ ಕಾರ್ಡನ್ನು ಆನ್‌ಲೈನ್‌ನಲ್ಲಿ ತುಂಬಬೇಕಾಗಿದೆ. ಸರ್ಕಾರಿ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣಗಳು ನಕಲಿ ಅಥವಾ ದಲ್ಲಾಳಿಗಳವು. ಅದರಲ್ಲಿ ತಂಗುವ ವಿಳಾಸ ಬರೆಯಬೇಕು, ಅಂದರೆ ಮೊದಲ ರಾತ್ರಿಯ ಕೋಣೆಯಾದರೂ ಹೊರಡುವ ಮುನ್ನ ಗೊತ್ತಿರಬೇಕು. ಅದೇ ವಿಳಾಸವನ್ನು ಥಾಯ್ ಲಿಪಿಯಲ್ಲಿ, ಸೊಯಿ ನಂಬರಿನ ಸಮೇತ, ಫೋನಿನಲ್ಲಿ ಫೋಟೊ ಮಾಡಿಟ್ಟುಕೊಂಡರೆ ರೈಲು ನಿಂತ ಮೇಲೆ ಟ್ಯಾಕ್ಸಿಯವನಿಗೆ ತೋರಿಸಲು ಆಗುತ್ತದೆ. ಅವನು ಮೀಟರ್ ಹಾಕದಿದ್ದರೆ ಗ್ರಾಬ್ ಅಥವಾ ಬೋಲ್ಟ್ ಆ್ಯಪ್ ಇದ್ದೇ ಇದೆ. ಬೀದಿಯ ಗದ್ದಲದಿಂದ ನೂರು ಹೆಜ್ಜೆ ಆಚೆ ನಡೆದು ಕರೆಸಿಕೊಂಡರೆ ಗಾಡಿ ಬೇಗ ಬರುತ್ತದೆ.